ಜೋಡಿ ಬಾಟಲಿಯ ನೀರು

ಪ್ರೇರಣಾ, ವಿನಯ — ಆ ಬಾಟಲಿಯಲ್ಲಿದ್ದದ್ದು ಬಾವಿಯ ನೀರಲ್ಲ. ನಮ್ಮ ಅಡುಗೆಮನೆಯ ನೀರು. ಅದನ್ನು ತುಂಬಿಟ್ಟವಳು ನಾನು. ಅದರಿಂದಾಗಿ ಮಹಾನಂದಾ ಎಂಬ ಹುಡುಗಿ ಸುಳ್ಳಿ ಎನ್ನಿಸಿಕೊಂಡು ಸಂಘದಿಂದ ಹೊರಗೆ ಹೋದಳು. ನಾನು ಒಂದು ಮಾತು ಆಡಿದ್ದರೆ ಹೋಗುತ್ತಿರಲಿಲ್ಲ. ಆಡಲಿಲ್ಲ.

ಇದನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಕೊನೆಗೆ ಬರೆಯೋಣ ಎಂದುಕೊಂಡರೆ ನಡುವೆ ಏನಾದರೂ ಕೆಲಸ ನೆನಪಾಗಿ ಎದ್ದು ಹೋಗುತ್ತೇನೆ — ಇಷ್ಟು ವರ್ಷ ಹಾಗೇ ಮಾಡಿಕೊಂಡು ಬಂದಿದ್ದೇನೆ. ನನ್ನ ಓದು ನಮ್ಮೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಗೆ ಮುಗಿಯಿತು. ಹೊರಗಿನವರು ಬಂದರೆ ನಾನು ಬಾಗಿಲ ಮರೆಗೆ ಸರಿಯುವವಳು. ನಿಮ್ಮ ಎದುರು ಕೂತು ಹೇಳುವುದಕ್ಕೆ ಆಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಬೈಲಹೊಂಗಲದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು ಎನ್ನುವುದು ನಿಮಗೆ ಗೊತ್ತು. ಪರಿಸರ ತಜ್ಞರ ಸಂಘದ ಕಾರ್ಯದರ್ಶಿಯಾಗಿದ್ದರು ಎನ್ನುವುದೂ ಗೊತ್ತು. ಗೋಡೆಯ ಮೇಲಿನ ಫೋಟೋ ನೋಡಿದ್ದೀರಿ. ಆ ಸಂಘ ಏನು ಮಾಡುತ್ತಿತ್ತು ಎನ್ನುವುದು ಗೊತ್ತಿರಲಿಕ್ಕಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ — ಈ ಕಡೆ ನೀರು, ಗಾಳಿ, ಮಣ್ಣು ಪರೀಕ್ಷೆ ಮಾಡುವುದನ್ನೇ ಉದ್ಯೋಗ ಮಾಡಿಕೊಂಡವರು ಅದರ ಸದಸ್ಯರು. ಕಾಲೇಜಿನ ಮಾಸ್ತರರು, ಕಾರ್ಖಾನೆಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು, ನಿವೃತ್ತರಾದ ಇಂಜಿನಿಯರರು. ಸಂಘದ ಸದಸ್ಯರು ಸಹಿ ಮಾಡಿದ ವರದಿ ಎಂದರೆ ಪಂಚಾಯತಿಯವರು ಒಪ್ಪುತ್ತಿದ್ದರು, ಕಾರ್ಖಾನೆಯವರೂ ಒಪ್ಪುತ್ತಿದ್ದರು. ಸಂಘದಲ್ಲಿ ಹೆಸರಿಲ್ಲದವರ ಸಹಿಗೆ ಬೆಲೆ ಇರಲಿಲ್ಲ. ಅಂಥವರಿಗೆ ಆ ಕೆಲಸವೂ ಸಿಗುತ್ತಿರಲಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

ಸಂಘದಲ್ಲಿ ಒಂದು ಪದ್ಧತಿ ಇತ್ತು. ಎಲ್ಲಿಂದ ನೀರು ತಂದರೂ ಎರಡು ಬಾಟಲಿ ತುಂಬುವುದು. ಒಂದು ಪರೀಕ್ಷೆಗೆ ಹೋಗುತ್ತಿತ್ತು. ಇನ್ನೊಂದರ ಬಾಯಿಗೆ ಕಾಗದದ ಪಟ್ಟಿ ಅಂಟಿಸಿ, ಪಟ್ಟಿಯ ಮೇಲೆ ನೀರು ತಂದವರು ಮತ್ತು ಕಾರ್ಯದರ್ಶಿ ಇಬ್ಬರೂ ಸಹಿ ಮಾಡಿ, ಎತ್ತಿಡುತ್ತಿದ್ದರು. ವರದಿಯ ಮೇಲೆ ಯಾರಾದರೂ ತಕರಾರು ತೆಗೆದರೆ ಅದನ್ನು ತೆರೆದು ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಅವರು ಜೋಡಿ ಬಾಟಲಿ ಎನ್ನುತ್ತಿದ್ದರು. ಸಂಘಕ್ಕೆ ಇದ್ದದ್ದು ಪೇಟೆಯಲ್ಲಿ ಕಾಳಿನ ಅಂಗಡಿಯ ಮೇಲೆ ಒಂದು ಬಾಡಿಗೆ ಕೋಣೆ. ಅಲ್ಲಿ ಇಲಿಗಳಿದ್ದವು, ಫ್ರಿಜ್ ಇರಲಿಲ್ಲ. ಹಾಗಾಗಿ ಜೋಡಿ ಬಾಟಲಿಗಳು ನಮ್ಮ ಮನೆಗೆ ಬಂದವು. ಮೊಸರು, ಮೆಂತೆ ಪಲ್ಲೆ, ಹಸಿಮೆಣಸಿನಕಾಯಿ ಇಡುವ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಊರೂರಿನ ನೀರು ಸಾಲಾಗಿ ನಿಂತಿರುತ್ತಿತ್ತು.

ಅಜ್ಜ ನನಗೆ ಹೇಳಿದ್ದು ಇಷ್ಟೇ — ಥಂಡಿ ಇರಬೇಕು, ಬೆಳಕು ಬೀಳಬಾರದು, ಯಾರೂ ಮುಟ್ಟಬಾರದು.

ಒಮ್ಮೆ ಸಂಘದವರ ಊಟ ನಮ್ಮ ಮನೆಯಲ್ಲಿತ್ತು. ಯಾರೋ ಒಬ್ಬರು ಅಜ್ಜನನ್ನು ಕಾಡಿಸಿದರು — ಫ್ರಿಜ್ಜಿನಲ್ಲಿ ಇಡುತ್ತೀರಲ್ಲ, ಬೇಸಿಗೆಯಲ್ಲಿ ಯಾರಾದರೂ ಬಾಯಾರಿ ಕುಡಿದುಬಿಟ್ಟರೆ ಏನು ಗತಿ ಎಂದು. ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ.

"ಅದರ ಕೀಲಿಕೈ ನಮ್ಮಾಕಿ ಕಡೆ ಐತಿ. ಬ್ಯಾಂಕಿನ್ಯಾಗ ಇಟ್ಟದ್ದರ ಹೋದೀತು, ಇದು ಹೋಗೂದಿಲ್ಲ" ಎಂದರು.

ಫ್ರಿಜ್ಜಿಗೆ ಕೀಲಿ ಎಲ್ಲಿತ್ತು — ನನ್ನನ್ನೇ ಹಾಗೆ ಹೇಳಿದ್ದು. ನಾನು ಒಳಗೆ ರೊಟ್ಟಿ ಬುಟ್ಟಿಯ ಹತ್ತಿರ ನಿಂತಿದ್ದೆ. ಹೊರಗಿನವರ ಮುಂದೆ ನನ್ನ ಬಗ್ಗೆ ಯಾರಾದರೂ ಒಂದು ಒಳ್ಳೆಯ ಮಾತು ಆಡಿದ್ದು ಅದೇ ಮೊದಲು. ಆಮೇಲೆ ಎಷ್ಟೋ ದಿನ ಫ್ರಿಜ್ಜಿನ ಬಾಗಿಲು ತೆರೆದಾಗಲೆಲ್ಲ ಆ ಮಾತು ನೆನಪಾಗುತ್ತಿತ್ತು. ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ — ಮುಂದೆ ನಾನು ಮಾಡಿದ್ದು ಹೆದರಿಕೆಯಿಂದ ಅಲ್ಲ. ನಿಮ್ಮ ಅಜ್ಜ ನನಗೆ ಯಾವತ್ತೂ ಬೈದವರಲ್ಲ. ಬಾಟಲಿ ಒಡೆಯಿತು ಎಂದಿದ್ದರೆ ಹೌದಾ ಎಂದು ಕೇಳಿ ಸುಮ್ಮನಾಗುತ್ತಿದ್ದರು. ಆ ಹೊಗಳಿಕೆ ಹೋಗುತ್ತದಲ್ಲ, ಅದಕ್ಕೆ.

ಸದಸ್ಯರೆಲ್ಲ ನನ್ನನ್ನು ವೈನಿ ಎಂದು ಕರೆಯುತ್ತಿದ್ದರು, ಅಣ್ಣನ ಹೆಂಡತಿಯನ್ನು ಕರೆದ ಹಾಗೆ. ಮಹಾನಂದಾ ಒಬ್ಬಳೇ ಚಿಕ್ಕಮ್ಮನನ್ನು ಕರೆದ ಹಾಗೆ ಕಾಕೂ ಎನ್ನುತ್ತಿದ್ದಳು. ರಾಮದುರ್ಗದ ಕಡೆಯ ನೇಕಾರರ ಮನೆಯ ಹುಡುಗಿ. ಅಜ್ಜನ ಕೈಯಲ್ಲೇ ಕಲಿತವಳು, ಆಮೇಲೆ ಯರಗಟ್ಟಿಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದಳು. ಸಂಘದಲ್ಲಿ ಹೆಣ್ಣುಮಗಳು ಎಂದರೆ ಅವಳೊಬ್ಬಳು. ನಮ್ಮ ಮನೆಯಲ್ಲಿ ಸಭೆ ಇದ್ದರೆ ಮೊದಲು ಅಡುಗೆಮನೆಗೇ ಬರುತ್ತಿದ್ದಳು. ಬಸ್ಸು ತಪ್ಪಿದ್ದು, ಹಳ್ಳದಲ್ಲಿ ಇಳಿದು ನೀರು ತುಂಬುವಾಗ ಚಪ್ಪಲಿ ಹರಿದುಕೊಂಡು ಹೋದದ್ದು, ನೀರು ತರಲು ಹೋದರೆ ಜನ ಕನ್ಯೆ ನೋಡಲು ಬಂದವರ ಹಾಗೆ ಊರು ಕೇರಿ ವಿಚಾರಿಸುವುದು — ಎಲ್ಲ ಹೇಳುತ್ತಿದ್ದಳು. ನಾನು ಕೇಳುತ್ತ ಕೆಲಸ ಮಾಡುತ್ತಿದ್ದೆ. ನನ್ನ ಜೊತೆ ಹಾಗೆ ಕೂತು ಮಾತಾಡುವವರು ಬೇರೆ ಯಾರೂ ಇರಲಿಲ್ಲ.

ರಾಮದುರ್ಗದ ಹತ್ತಿರ ಒಂದು ಹಳ್ಳಿಯಲ್ಲಿ ನೂಲಿಗೆ ಬಣ್ಣ ಹಾಕುವ ಮನೆ ಇತ್ತು. ಅದರ ಹಿಂದಿನ ಓಣಿಯಲ್ಲಿ ಒಂದು ಬಾವಿ. ಓಣಿಯವರು ಕುಡಿಯುವುದು ಅದೇ ನೀರು. ಬಣ್ಣದ ಮನೆಯ ಹೊಲಸು ಬಾವಿಗೆ ಇಳಿಯುತ್ತಿದೆಯೋ ಹೇಗೆ ನೋಡಿ ಹೇಳಿ ಎಂದು ಪಂಚಾಯತಿಯವರು ಸಂಘವನ್ನು ಕೇಳಿದ್ದರು. ಮಹಾನಂದಾ ಹೋಗಿ ನೀರು ತಂದಳು. ಒಂದು ಬಾಟಲಿ ಯರಗಟ್ಟಿಗೆ ಹೋಯಿತು. ಜೋಡಿ ಬಾಟಲಿ ನಮ್ಮ ಫ್ರಿಜ್ಜಿಗೆ ಬಂತು.

ಪ್ರೇರಣಾ, ಆಗ ನೀನು ನಿಮ್ಮ ಅವ್ವನ ಹೊಟ್ಟೆಯಲ್ಲಿದ್ದೆ. ಆ ವಾರವೇ ಅವಳ ಸೀಮಂತದ ಕುಬಸ ಇಟ್ಟುಕೊಂಡಿದ್ದೆವು. ಬೀಗರು ಬರುವವರಿದ್ದರು. ಹಿಂದಿನ ದಿನ ಮಧ್ಯಾಹ್ನ ಮಲ್ಲಿಗೆಯ ದಂಡೆ ಬಂದವು, ಬಾಡಬಾರದು. ಮೊಸರಿನ ದೊಡ್ಡ ಪಾತ್ರೆ, ಹೋಳಿಗೆಯ ಹೂರಣ. ಫ್ರಿಜ್ಜಿನಲ್ಲಿ ಜಾಗ ಸಾಲಲಿಲ್ಲ. ಉಳಿದ ಬಾಟಲಿಗಳನ್ನು ಹೇಗೋ ಬಾಗಿಲಿನ ಅರೆಗೆ ಹೊಂದಿಸಿದೆ. ಇದೊಂದು ಉಳಿಯಿತು. ಮೇಲೆ ಬರ್ಫ ಮಾಡುವ ಖಾನೆಯಲ್ಲಿ ಅಡ್ಡ ಮಲಗಿಸಿದೆ. ಥಂಡಿ ಇರಬೇಕು ಎಂದಿದ್ದರು. ಅಲ್ಲಿ ಇನ್ನೂ ಹೆಚ್ಚು ಥಂಡಿ. ಒಳ್ಳೆಯದೇ ಆಯಿತು ಎಂದುಕೊಂಡೆ.

ಕುಬಸ ಮುಗಿದು ಬೀಗರು ಊರಿಗೆ ಹೋದ ಮೇಲೆ, ಮರುದಿನ ಬೆಳಿಗ್ಗೆ ತೆಗೆದು ನೋಡಿದೆ. ಒಳಗೆ ಗಾಳಿ ಉಳಿಯಬಾರದೆಂದು ಅವರು ಬಾಟಲಿಯನ್ನು ಬಾಯಿಮಟ ತುಂಬುತ್ತಿದ್ದರು. ನೀರು ಗಡ್ಡೆಗಟ್ಟಿ, ಹಿಗ್ಗಿ, ಗಾಜು ಉದ್ದಕ್ಕೆ ಸೀಳಿತ್ತು. ಕೈಯಲ್ಲಿ ಹಿಡಿದರೆ ಸಿಪ್ಪೆಯ ಹಾಗೆ ಬಿಟ್ಟುಬಂತು. ಒಳಗೆ ಬಾಟಲಿಯ ಆಕಾರದ್ದೇ ಬರ್ಫ, ಒಂದು ಚೂರೂ ಮುಕ್ಕಾಗಿರಲಿಲ್ಲ.

ಆ ಬರ್ಫವನ್ನು ಒಂದು ತೊಳೆದ ಪಾತ್ರೆಯಲ್ಲಿಟ್ಟು ಕರಗಲು ಬಿಟ್ಟಿದ್ದರೆ — ಅದು ಆ ಬಾವಿಯ ನೀರೇ ಆಗಿರುತ್ತಿತ್ತು. ಅಜ್ಜ ಪಡಸಾಲೆಯಲ್ಲೇ ಇದ್ದರು, ಪೇಪರು ಓದುತ್ತಿದ್ದರು. ಒಂದು ಸಲ ಕೂಗಿದ್ದರೆ ಎದ್ದು ಬರುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ಬರ್ಫವನ್ನು ಕರಿಬೇವಿನ ಬುಡಕ್ಕೆ ಹಾಕಿ ಬಂದೆ. ಗಾಜನ್ನು ರದ್ದಿ ಪೇಪರಿನಲ್ಲಿ ಸುತ್ತಿದೆ. ಮನೆಯಲ್ಲಿ ಏನಾದರೂ ಒಡೆದರೆ ನಾವು ಹೆಂಗಸರು ಮಾಡುವುದೇ ಅದು, ಚೂರು ಯಾರ ಕಾಲಿಗೂ ಚುಚ್ಚುವ ಮೊದಲು ಎತ್ತಿ ಚೊಕ್ಕ ಮಾಡುವುದು. ಅಲ್ಲಿಯವರೆಗೆ ಕೈ ತಾನಾಗಿ ಮಾಡಿತು ಎನ್ನಬಹುದು. ಅಲ್ಲಿಂದ ಮುಂದಿನದು ಹಾಗಲ್ಲ.

ಅದೇ ಅಳತೆಯ ಖಾಲಿ ಬಾಟಲಿಗಳು ಮನೆಯಲ್ಲಿದ್ದವು. ಅವನ್ನು ತೊಳೆದಿಡುತ್ತಿದ್ದವಳು ನಾನೇ. ಒಂದನ್ನು ತಂದೆ. ಸಹಿಯ ಪಟ್ಟಿ ಒದ್ದೆಯಾಗಿತ್ತು, ಹರಿಯದೆ ಸುಲಿದು ಬಂತು. ನೆರಳಿನಲ್ಲಿ ಹರವಿ ಒಣಗಿಸಿದೆ. ಮೈದಾ ಕಲಸಿ ಅಂಟು ಕಾಸಿದೆ.

ಇನ್ನು ನೀರು. ನಮ್ಮ ಹಿತ್ತಲಲ್ಲಿ ಬೋರಿನ ನೀರಿತ್ತು, ಸವಳು. ಅಡುಗೆಮನೆಯ ಗೋಡೆಗೆ ಆಗಷ್ಟೇ ಸವಳನ್ನೂ ತೆಗೆಯುವ ಹೊಸ ಫಿಲ್ಟರ್ ಹಾಕಿಸಿದ್ದರು. ಪರೀಕ್ಷೆಯ ಬಾಟಲಿಗೆ ಸವಳು ನೀರು ಹಾಕುವುದು ನನಗೆ ಸರಿ ಕಾಣಲಿಲ್ಲ. ನನ್ನ ತವರಿನಲ್ಲಿ ಬಂದವರಿಗೆ ನೀರು ಕೊಟ್ಟರೆ ಬಟ್ಟೆಯಲ್ಲಿ ಸೋಸಿಯೇ ಕೊಡುವುದು. ಸೋಸದೆ ಕೊಟ್ಟರೆ ಬಂದವರಿಗೆ ಅವಮಾನ ಮಾಡಿದ ಹಾಗೆ. ಫಿಲ್ಟರಿನ ನೀರನ್ನು ಮತ್ತೊಮ್ಮೆ ತೊಳೆದ ಬಿಳಿ ಬಟ್ಟೆಯಲ್ಲಿ ಸೋಸಿ ಬಾಯಿಮಟ ತುಂಬಿದೆ. ಮನೆಯಲ್ಲಿದ್ದುದರಲ್ಲೇ ಎಲ್ಲಕ್ಕಿಂತ ಒಳ್ಳೆಯ ನೀರು. ನನ್ನ ತಲೆಗೆ ಹೊಳೆದದ್ದು ಅಷ್ಟು. ಮುಚ್ಚಳ ಬಿಗಿದು ಪಟ್ಟಿ ಅಂಟಿಸಿದೆ. ನನ್ನ ಕೈಕೆಲಸ ಯಾವಾಗಲೂ ಚೊಕ್ಕ. ಅಂಟಿಸಿದ ಮೇಲೆ ನನಗೇ ವ್ಯತ್ಯಾಸ ಕಾಣಲಿಲ್ಲ.

ಅಲ್ಲಿಯವರೆಗೆ ಯಾವ ಜೋಡಿ ಬಾಟಲಿಯನ್ನೂ ಯಾರೂ ತೆರೆದದ್ದನ್ನು ನಾನು ನೋಡಿರಲಿಲ್ಲ. ಕೆಲವು ತಿಂಗಳಾದ ಮೇಲೆ ಇನ್ನು ಬೇಡ ಎನ್ನುತ್ತಿದ್ದರು, ನಾನು ಚೆಲ್ಲಿ ತೊಳೆಯುತ್ತಿದ್ದೆ. ಇದೂ ಹಾಗೇ ಹೋಗುತ್ತದೆ ಎಂದುಕೊಂಡೆ. ಸ್ವಲ್ಪ ದಿನ ಮರೆತೂಬಿಟ್ಟಿದ್ದೆ.

ಮಹಾನಂದಾಳ ವರದಿ ಬಂತು. ಬಾವಿಯಲ್ಲಿ ಬಣ್ಣದ ಮದ್ದು ಇಳಿದಿದೆ, ಕುಡಿಯಬಾರದು ಎಂದಿತ್ತು. ಬಣ್ಣದ ಮನೆಯ ಮಾಲಕರು ತಕರಾರು ತೆಗೆದರು. ಆ ಹುಡುಗಿಯ ಸೋದರತ್ತೆಯ ಮನೆ ಅದೇ ಓಣಿಯಲ್ಲಿದೆ, ಅತ್ತೆಗೂ ತಮಗೂ ಹಳೆಯ ಜಗಳವಿದೆ, ಅದಕ್ಕೆ ಇವಳೇ ನೀರಿಗೆ ಏನೋ ಬೆರೆಸಿ ತಂದಿದ್ದಾಳೆ ಎಂದರು. ಅಜ್ಜ ಚಿಂತೆ ಮಾಡಲಿಲ್ಲ. ಊಟಕ್ಕೆ ಕೂತಾಗ ನನಗೇ ಹೇಳಿದರು — ಜೋಡಿ ಬಾಟಲಿ ತೆರೆಸಿದರೆ ಮುಗಿಯಿತು, ಅವರ ಬಾಯಿ ತಾನೇ ಮುಚ್ಚುತ್ತದೆ. ನಾನು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಆಗ ಹೇಳಬಹುದಿತ್ತು. ಎದುರಿಗೆ ಯಾರೂ ಇರಲಿಲ್ಲ. ನಾವಿಬ್ಬರೇ. ಪಲ್ಯ ಬಡಿಸಿದೆ, ಮಜ್ಜಿಗೆ ತಂದೆ — ಬಾಯಿ ತೆರೆಯಲಿಲ್ಲ. ಫಿಲ್ಟರಿನ ನೀರೂ ನೀರೇ, ಪರೀಕ್ಷೆಯಲ್ಲಿ ಹೇಗೋ ಸರಿಹೋಗಬಹುದು ಎಂದು ಅಂದುಕೊಂಡೆನೋ ಏನೋ. ಅಂದುಕೊಂಡೆ ಎಂದು ಹೇಳಿದರೆ ಸುಳ್ಳಾದೀತು. ಏನೂ ಅಂದುಕೊಳ್ಳಲಿಲ್ಲ. ತಲೆಯೊಳಗೆ ಏನೂ ಇರಲಿಲ್ಲ. ತಾಟು ಎತ್ತಿದೆ, ನೆಲ ಒರೆಸಿದೆ.

ಬಾಟಲಿ ಒಯ್ಯಲು ಸಂಘದವರು ಬಂದ ದಿನ ಫ್ರಿಜ್ಜಿನಿಂದ ತೆಗೆದ ಕೈ ನನ್ನದೇ. ಒಬ್ಬರು ತಮಾಷೆ ಮಾಡಿದರು.

"ವೈನೀ, ಬಾವೀ ನೀರ ಕೊಟ್ಟು ಕಳಸ್ತೀರೇನ್ರಿ? ಒಳಗ ಮಜ್ಜಿಗಿ ಇದ್ದದ್ದು ಕಾಣತೈತಿ."

ಅವರಿಗೆಲ್ಲ ಮಜ್ಜಿಗೆ ಕೊಟ್ಟೆ. ಪಟ್ಟಿಯನ್ನು ಒಬ್ಬೊಬ್ಬರಾಗಿ ನೋಡಿದರು. ಮಹಾನಂದಾಳೂ ನೋಡಿ, ಸಹಿ ನನ್ನದೇ ಎಂದಳು. ಬಾಟಲಿ ಧಾರವಾಡದ ಪ್ರಯೋಗಾಲಯಕ್ಕೆ ಹೋಯಿತು.

ಅಲ್ಲಿಂದ ಬಂದ ಫಲಿತಾಂಶದಲ್ಲಿ ಏನೂ ಇರಲಿಲ್ಲ. ನೀರು ಶುದ್ಧ. ಸಭೆ ನಮ್ಮ ಪಡಸಾಲೆಯಲ್ಲೇ ಸೇರಿತು. ನಾನು ಚಹಾ ಕೊಟ್ಟು ಬಂದು ಬಾಗಿಲ ಹಿಂದೆ ನಿಂತೆ. ಅಧ್ಯಕ್ಷರು ವಯಸ್ಸಾದವರು, ಕೆಟ್ಟವರಲ್ಲ. ಒಂದೇ ಬಾವಿ, ಒಂದೇ ಹೊತ್ತು, ನೀರು ಮಾತ್ರ ಎರಡು ನಮೂನೆ ಹೇಗೆ ಎಂದು ಅವಳನ್ನು ಕೇಳಿದರು. ಅವಳು ಹೇಳುವ ಮೊದಲೇ ಇನ್ನೊಬ್ಬರು ನಡುವೆ ಬಾಯಿ ಹಾಕಿದರು — "ಪೇಪರಿನ್ಯಾಗ ಫೋಟೋ ಬರ್ಲಿ ಅಂತ ಬಾಟ್ಲಿಗೆ ಬಣ್ಣಾ ಹಾಕಿರಬೇಕ ಬಿಡ್ರಿ." ಕೆಲವರು ನಕ್ಕರು.

ಮಹಾನಂದಾ ಎದ್ದು ನಿಂತಿದ್ದಳು.

"ಸರ್, ಆ ಓಣಿ ನೀರಿನ್ಯಾಗ ಸಬಕಾರ ತಿಕ್ಕಿದ್ರ ನೊರಿ ಏಳೂದಿಲ್ಲ. ಅಷ್ಟ ಗಡಸ ಅದಾವ. ಈ ಬಾಟ್ಲ್ಯಾನ ನೀರು ಮಳಿ ನೀರಿನಂಗ ಅದಾವ. ಬಣ್ಣದ ಮಾತ ಬಿಡ್ರಿ, ಇವು ಆ ಬಾವಿ ನೀರ ಅಲ್ಲ."

"ಹಂಗಾರ ನೀರ ಎಲ್ಲಿ ಬದಲಾತವಾ? ಸರ್ ಮನ್ಯಾಗ?" ಎಂದರು ಅಧ್ಯಕ್ಷರು.

ಹೌದು ಎಂದು ಹೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಮನೆಯ ಹೆಸರು ಹಾಗಿತ್ತು. ಅವಳು ಅಜ್ಜನ ಮುಖ ನೋಡಿದಳು. ಅಜ್ಜ ಮೆಲ್ಲಗೆ ಹೇಳಿದರು.

"ನಮ್ಮ ಮನ್ಯಾಗ ಅಂಥಾದ್ದು ಆಗೂದಿಲ್ಲವಾ."

ಸಿಟ್ಟಿನಿಂದ ಹೇಳಲಿಲ್ಲ. ನಂಬಿ ಹೇಳಿದರು. ನನ್ನನ್ನು ನಂಬಿ.

ಆಗ ಅವಳು ಅಡುಗೆಮನೆಗೆ ಬಂದಳು. ಯಾವಾಗಲೂ ಬರುವ ಹಾಗೆಯೇ ಬಂದಳು. ನಾನು ಕಟ್ಟೆಯ ಕಡೆ ತಿರುಗಿ ಚಹಾದ ಬಸಿ ತೊಳೆಯತೊಡಗಿದೆ. ಪಕ್ಕದಲ್ಲೇ ನಿಂತು, ಹೊರಗಿನವರಿಗೆ ಕೇಳಿಸದ ಹಾಗೆ ಕೇಳಿದಳು.

"ಕಾಕೂ, ಬಾಟ್ಲಿ ಯಾರರ ಮುಟ್ಟಿದ್ರೇನ್ರಿ? ಒಡದಿದ್ರೂ ಹೇಳ್ರಿ. ಒಡದೈತಿ ಅಂದ್ರ ನಾ ನಾಳೆ ಹೋಗಿ ಇನ್ನೊಮ್ಮಿ ತರತೇನಿ. ಅಷ್ಟ ಐತ್ರಿ."

ಅಷ್ಟೇ ಇತ್ತು. ಒಡೆಯಿತು ಎಂದರೆ ಸಾಕಿತ್ತು. ನನ್ನ ಮೇಲೆ ಯಾರೂ ಕೂಗಾಡುತ್ತಿರಲಿಲ್ಲ. ಮತ್ತೆ ನೀರು ತರುತ್ತಿದ್ದರು, ಆ ಸಭೆ ಅಲ್ಲಿಗೇ ಮುಗಿಯುತ್ತಿತ್ತು.

"ಇಲ್ಲವಾ. ಯಾರೂ ಮುಟ್ಟಿಲ್ಲ" ಎಂದೆ.

ಅವಳು ಕುಡಿಯಲು ನೀರು ಕೇಳಿದಳು. ಫಿಲ್ಟರಿನಿಂದ ಒಂದು ಲೋಟ ತುಂಬಿ ಕೊಟ್ಟೆ. ಅರ್ಧ ಕುಡಿದವಳು ನಿಲ್ಲಿಸಿದಳು. ಲೋಟದೊಳಗೆ ನೋಡಿದಳು, ಗೋಡೆಯ ಮೇಲಿನ ಫಿಲ್ಟರ್ ನೋಡಿದಳು. ಅವಳ ಕೆಲಸವೇ ನೀರು; ನಾಲಿಗೆಗೆ ಗೊತ್ತಾಗಿಬಿಟ್ಟಿತ್ತು. ಉಳಿದರ್ಧ ನಿಧಾನಕ್ಕೆ ಕುಡಿದು ಲೋಟವನ್ನು ಕಟ್ಟೆಯ ಮೇಲಿಟ್ಟಳು.

"ನಿಮ್ಮ ಮನಿ ನೀರು ಭಾಳ ಹಗೂರ ಅದಾವ್ರಿ, ಕಾಕೂ" ಎಂದಳು.

ಅಷ್ಟು ಹೇಳಿ ಹೊರಗೆ ಹೋದಳು. ಈಗ ಎಲ್ಲರ ಮುಂದೆ ಹೇಳುತ್ತಾಳೆ ಎಂದು ನಾನು ಕಾಯ್ದೆ. ಬಸಿ ಕೈಯಲ್ಲೇ ಇತ್ತು. ಹೇಳಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, ಅಜ್ಜನಿಗೆ ಬರತೇನ್ರಿ ಸರ್ ಎಂದು ಹೇಳಿ ಮೆಟ್ಟಿಲು ಇಳಿದಳು. ಪರೀಕ್ಷೆಯ ನೀರಿಗೆ ಕೈ ಹಾಕಿದವರು ಸಂಘದಲ್ಲಿ ಇರಬಾರದು ಎಂದು ಅವತ್ತೇ ಅವಳ ಹೆಸರು ತೆಗೆದರು. ಅಜ್ಜನೂ ಒಪ್ಪಿದರು.

ಮತ್ತೆ ಹೋಗಿ ನೀರು ತರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಜ್ಜ ಆಮೇಲೆ ಬೇರೆಯವರನ್ನು ಕಳಿಸಿದ್ದರು. ಅಷ್ಟರಲ್ಲಿ ಮಳೆ ಹಿಡಿದು ಬಾವಿ ತುಂಬಿತ್ತು. ಬಣ್ಣದ ಮನೆಯವರು ಕೆಲವು ದಿನ ಕೆಲಸವನ್ನೂ ನಿಲ್ಲಿಸಿದ್ದರಂತೆ. ಏನೂ ಸಿಗಲಿಲ್ಲ. ಬಾವಿ ಚಲೋ ಇದೆ ಎಂದು ಸಂಘ ಬರೆದುಕೊಟ್ಟಿತು. ಓಣಿಯವರು ಅದನ್ನೇ ಕುಡಿದರು.

ಅವರಲ್ಲಿ ಯಾರಿಗೆ ಏನಾಯಿತು ಎಂದು ನಾನು ವಿಚಾರಿಸಲಿಲ್ಲ. ರಾಮದುರ್ಗದ ಕಡೆಯವರು ಮನೆಗೆ ಬಂದರೆ ಮಳೆ ಬೆಳೆ ಕೇಳುತ್ತಿದ್ದೆ, ಮದುವೆ ಮುಂಜಿ ಕೇಳುತ್ತಿದ್ದೆ. ಆ ಹಳ್ಳಿಯ ಹೆಸರು ಬಾಯಿಗೆ ಬಾರದ ಹಾಗೆ ನೋಡಿಕೊಳ್ಳುತ್ತಿದ್ದೆ. ಅದು ರೂಢಿಯಾಗಿಬಿಟ್ಟಿತು.

ಯರಗಟ್ಟಿಯ ಕೆಲಸ ಮಹಾನಂದಾಳಿಗೆ ಹೋಯಿತು. ಬೇರೆ ಕಡೆ ಕೇಳಿಕೊಂಡು ಹೋದರೂ ಸಂಘದಿಂದ ತೆಗೆದುಹಾಕಿದವಳು ಎಂದು ಯಾರೂ ತೆಗೆದುಕೊಳ್ಳಲಿಲ್ಲವಂತೆ. ಆಮೇಲೆ ದೊಡವಾಡಕ್ಕೆ ಲಗ್ನವಾಗಿ ಹೋದಳು ಎಂದು ಕೇಳಿದೆ. ನಮಗೆ ಕರೆಯೋಲೆ ಕಳಿಸಲಿಲ್ಲ. ನಮ್ಮ ಮನೆಯಲ್ಲಿ ಜೋಡಿ ಬಾಟಲಿಗಳು ಮೊದಲಿನಂತೆಯೇ ಬರುತ್ತಿದ್ದವು, ನಾನು ಮೊದಲಿನಂತೆಯೇ ಸಾಲಾಗಿ ಇಡುತ್ತಿದ್ದೆ. ಪ್ರೇರಣಾ, ನೀನು ಹುಟ್ಟಿದೆ. ತೊಟ್ಟಿಲಿಗೆ ಹಾಕಿದೆವು. ನನ್ನ ಕಣ್ಣಲ್ಲಿ ನೀರು ಬಂತೇ, ಖುಷಿಯಾಯಿತೇ ಎಂದು ಕೇಳಿದರೆ — ನೆನಪಿಲ್ಲ. ಆ ವರ್ಷದ ಬಹಳ ಸಂಗತಿ ನನಗೆ ನೆನಪಿಲ್ಲ. ಕೆಲಸ ಮಾಡಿದ್ದು ನೆನಪಿದೆ.

ಇನ್ನೊಂದನ್ನೂ ಬರೆಯಬೇಕು. ಅಜ್ಜ ನಿವೃತ್ತರಾದ ಮೇಲೆ ಒಂದು ಸಂಜೆ ನಾವಿಬ್ಬರೂ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆವು. ಅವರು ಇದ್ದಕ್ಕಿದ್ದಂತೆ ಹೇಳಿದರು.

"ನನ್ನ ಕೈಯಾಗ ಕಲತವ್ರೊಳಗ ಅಕಿ ಒಬ್ಬಾಕೀನ ಭಾಳ ಶಾಣ್ಯಾ ಇದ್ಲು. ಯಾಕ ಹಂಗ ಮಾಡಿದ್ಲೋ ಏನೋ."

ಹೆಸರು ಹೇಳಲಿಲ್ಲ. ಹೇಳುವುದು ಬೇಕಿರಲಿಲ್ಲ. ನಾನು ಕೈಯಲ್ಲಿದ್ದ ಕಾಯಿ ಸುಲಿದೆ, ಮತ್ತೊಂದು ತೆಗೆದುಕೊಂಡೆ. ಅವರು ನನ್ನನ್ನೇನೂ ಕೇಳಿರಲಿಲ್ಲ, ನಿಜ. ಆದರೆ ಉತ್ತರ ಗೊತ್ತಿದ್ದವಳು ಪಕ್ಕದಲ್ಲೇ ಕೂತಿದ್ದಳು. ತಾವು ಕಲಿಸಿದ ಹುಡುಗಿ ತಮಗೆ ಮೋಸ ಮಾಡಿದಳು ಎಂದು ನಂಬಿಕೊಂಡೇ ನಿಮ್ಮ ಅಜ್ಜ ಹೋದರು. ಅವರಿಗೂ ನಾನು ಮಾಡಿದ್ದು ಅನ್ಯಾಯವೇ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದು ಹೇಳುತ್ತೇನೆ. ಸಂಘದ ಈಗಿನ ಕಾರ್ಯದರ್ಶಿ ಮನೆಗೆ ಬಂದಿದ್ದು ನೀವೂ ನೋಡಿದಿರಿ. ಅಜ್ಜನ ಹೆಸರಿನಲ್ಲಿ ಒಂದು ಪ್ರಶಸ್ತಿ ಇಡುತ್ತಾರಂತೆ — ಪ್ರಾಮಾಣಿಕವಾಗಿ ಕೆಲಸ ಮಾಡಿದ ಎಳೆಯ ತಜ್ಞರಿಗೆ. ಮೊದಲ ವರ್ಷದ್ದನ್ನು ನನ್ನ ಕೈಯಿಂದ ಕೊಡಿಸುತ್ತಾರಂತೆ. ಪ್ರೇರಣಾ ಈ ವರ್ಷ ಅದೇ ವಿದ್ಯೆ ಕಲಿಯಲು ಧಾರವಾಡಕ್ಕೆ ಹೋಗುವವಳು, ಅಜ್ಜನ ಪರಿಚಯ ಅವಳೇ ಓದಲಿ ಎಂದರು. ನೀನು ಎಷ್ಟು ಹಿಗ್ಗಿದೆ ಎನ್ನುವುದನ್ನು ನೋಡಿದೆ. ನಾನು ತಲೆ ಆಡಿಸಿದೆ. ಒಳಗೆ ಹೋಗಿ ಅವರಿಗೆ ಅವಲಕ್ಕಿ ತಂದುಕೊಟ್ಟೆ.

ಹೋದ ತಿಂಗಳು ಒಬ್ಬಳೇ ಬಸ್ಸು ಹತ್ತಿ ದೊಡವಾಡಕ್ಕೆ ಹೋಗಿದ್ದೆ. ಪರಿಚಯದವರಿದ್ದಾರೆ, ನೋಡಿ ಬರುತ್ತೇನೆ ಎಂದು ನಿಮಗೆ ಹೇಳಿದ್ದೆ. ಮಹಾನಂದಾ ಅಲ್ಲಿಯ ಹಾಲಿನ ಡೇರಿಯಲ್ಲಿ ಕೆಲಸ ಮಾಡುತ್ತಾಳೆ. ಸಂಜೆಯ ಹಾಲು ಬರುವ ಹೊತ್ತು. ಕನ್ನಡಕ ಬಂದಿದೆ, ಮೈ ಸ್ವಲ್ಪ ತುಂಬಿಕೊಂಡಿದೆ. ಹಾಲು ತಂದವನೊಬ್ಬನಿಗೆ, ನಿನ್ನ ಎಮ್ಮೆ ಇವತ್ತು ಬಾವಿಗೆ ಬಿದ್ದಿತ್ತೇನು, ಹಾಲು ಇಷ್ಟು ತೆಳ್ಳಗಿದೆ ಎಂದು ಕೇಳುತ್ತಿದ್ದಳು. ಸಾಲಿನಲ್ಲಿದ್ದವರು ನಗುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಕುಂದರ್ರಿ ಕಾಕೂ ಎಂದು ಸ್ಟೂಲು ಸರಿಸಿದಳು. ಜನ ಕರಗುವವರೆಗೆ ನನ್ನ ಕಡೆ ಮತ್ತೆ ತಿರುಗಲಿಲ್ಲ.

ನಾನು ನಿಂತೇ ಹೇಳಿದೆ. ಕುಬಸ, ಬರ್ಫ, ಪಟ್ಟಿ, ಎಲ್ಲ. ಅವಳು ಕ್ಯಾನು ತೊಳೆಯುತ್ತ ಕೇಳಿದಳು. ಮುಗಿದ ಮೇಲೆ ಹೇಳಿದಳು.

"ಗೊತ್ತಿತ್ರಿ ಕಾಕೂ. ನೀರ ಕುಡದಾಗ ಗೊತ್ತಾತು."

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಾಗಿತ್ತು — ಆ ಪ್ರಶ್ನೆ ನಾನು ಕೇಳುವಂಥದ್ದಲ್ಲ. ಅವಳು ಸಿಟ್ಟು ಮಾಡಲಿಲ್ಲ. ಯಾರು ನಂಬುತ್ತಿದ್ದರು, ಸರ್ ಮುಖ ನೋಡಿ ಬಾಯಿ ಬರಲಿಲ್ಲ ಎಂದಳು. ಆಮೇಲೆ ಆ ಓಣಿಯ ಸೋದರತ್ತೆಯ ಮಾತು ತೆಗೆದಳು.

"ನಮ್ಮ ಅತ್ತಿ ನಳಾ ಬರೂ ಮಟಾ ಅದ ಬಾವಿ ನೀರ ಕುಡದ್ಲು. ಬ್ಯಾಡ ಅಂತ ಕೈ ಮುಗದು ಹೇಳಿದ್ಯಾ. ಸಂಘದವ್ರು ಚಲೋ ಐತಿ ಅಂದಾರ, ನಿನ್ನ ಮಾತ ಯಾರ ಕೇಳ್ತಾರ ಅಂದ್ಲು."

ಕ್ಯಾನು ಬೋರಲು ಹಾಕಿ ಕೈ ಒರೆಸಿಕೊಂಡಳು. ನಾನು ತಪ್ಪಾಯಿತು ಎಂದೆ. ಅವಳು ಆಗಲಿ ಎನ್ನಲಿಲ್ಲ, ಇರಲಿ ಬಿಡಿ ಎನ್ನಲಿಲ್ಲ.

"ನನಗ ಯಾಕ ಹೇಳಾಕ ಬಂದ್ರಿ? ನನಗ ಗೊತ್ತಿದ್ದದ್ದ ಐತಿ. ಗೊತ್ತಿಲ್ಲದವ್ರು ಅಲ್ಲಿ ಅದಾರ. ಅಲ್ಲಿ ಹೇಳ್ರಿ."

ಬಸ್ಸಿಗೆ ಹೊತ್ತಾಯಿತು ಎಂದು ನಿಲ್ದಾಣದವರೆಗೆ ಬಂದು ಹತ್ತಿಸಿದಳು.

ಮರುದಿನ ಕಾರ್ಯದರ್ಶಿಗೆ ಫೋನ್ ಮಾಡಿಸಿ ನಾನೇ ಮಾತಾಡಿದೆ. ಬರುತ್ತೇನೆ, ಆದರೆ ಪ್ರಶಸ್ತಿ ಕೊಡುವ ಮೊದಲು ಸ್ವಲ್ಪ ಮಾತಾಡುವುದಿದೆ ಎಂದೆ. ಅವರಿಗೆ ಬಹಳ ಖುಷಿಯಾಯಿತು. ಸರ್ ಬಗ್ಗೆ ನಿಮಗಿಂತ ಹೆಚ್ಚು ಯಾರಿಗೆ ಗೊತ್ತು, ಎರಡು ಮಾತು ಹೇಳಿದರೆ ಸಾಕು ಎಂದರು.

ಆ ಸಭೆಯಲ್ಲಿ ಕೂತು ಇದನ್ನು ಮೊದಲ ಸಲ ಕೇಳುವ ಹಾಗಾಗಬಾರದು ಎಂದು ನಿಮಗೆ ಮುಂಚೆ ಬರೆದಿದ್ದೇನೆ. ನಿಮ್ಮ ತಂದೆ ತಾಯಿಗೆ ಸಿಟ್ಟು ಬರಬಹುದು. ಇಷ್ಟು ವರ್ಷದ ಮೇಲೆ ಮನೆಯ ಹೆಸರು ಕೆಡಿಸುತ್ತೀಯಲ್ಲ ಎಂದು ಕೇಳಬಹುದು. ಆ ಹೆಸರನ್ನು ಮುಂದೆ ಹಿಡಿದೇ ಅವಳ ಬಾಯಿ ಮುಚ್ಚಿಸಿದರು ಎನ್ನುವುದು ಅವರಿಗೆ ಗೊತ್ತಿಲ್ಲ. ಅಜ್ಜನಿಗೆ ಏನೂ ತಿಳಿದಿರಲಿಲ್ಲ ಎಂದು ಅಲ್ಲಿ ಹೇಳುತ್ತೇನೆ. ಜನ ನಂಬಬಹುದು, ನಂಬದೇ ಇರಬಹುದು. ಪ್ರಶಸ್ತಿಯನ್ನೇ ಬೇಡ ಎನ್ನಬಹುದು. ಪ್ರೇರಣಾ, ನೀನು ಮುಂದೆ ಅದೇ ಸಂಘಕ್ಕೆ ಸೇರುವವಳು. ಅವರು ನಿನ್ನನ್ನು ಹೇಗೆ ನೋಡುತ್ತಾರೋ — ಅದನ್ನೂ ಯೋಚಿಸಿದೆ. ಯೋಚಿಸಿಯೂ ಹೇಳುತ್ತೇನೆ. ಪರಿಚಯ ಓದುವುದು ಬೇಡ ಅನ್ನಿಸಿದರೆ ಬಿಟ್ಟುಬಿಡು, ನಾನೇನೂ ತಿಳಿದುಕೊಳ್ಳುವುದಿಲ್ಲ.

ಇದನ್ನು ಓದಿದ ಮೇಲೆ ನನ್ನ ಹತ್ತಿರ ಬಂದು ಸಮಾಧಾನ ಹೇಳಬೇಡಿ. ಆಗಿನ ಕಾಲ ಹಾಗಿತ್ತು, ನಿನಗೆ ತಿಳಿಯಲಿಲ್ಲ ಎನ್ನಬೇಡಿ. ನನಗೆ ತಿಳಿದಿತ್ತು.

ನೀವೆಲ್ಲ ಹೊರಗೆ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಹೇಳಿ ನೋಡುತ್ತಿದ್ದೇನೆ. ಹೇಳಬೇಕಾದದ್ದು ಹೆಚ್ಚಿಲ್ಲ. ಮಹಾನಂದಾ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವಳು ನಾನು. ಮೊದಲನೆಯದನ್ನು ಹೇಳುವಾಗ ದನಿ ಸರಿಯಾಗಿ ಬರುತ್ತದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಕೈ ಇನ್ನೂ ಯಾವುದಾದರೂ ಪಾತ್ರೆ ತೊಳೆಯಲು ಹೋಗುತ್ತದೆ.

ಸಭೆ ಬರುವ ರವಿವಾರ.